ಫೋನಿನ ನೀಲಿ ಚುಕ್ಕೆ, ಜಮೀನಿನ ಬಾಂದುಕಲ್ಲು: ಯಾವ ಕೆಲಸಕ್ಕೆ ಎಷ್ಟು ನಿಖರವಾದ ಜಿಪಿಎಸ್ ಬೇಕು?

ಲೊಕೇಶನ್ ಸರಿಯಾಗಿ ತೋರಿಸುವ ಫೋನ್ ಯಾವುದು ಅಂತ ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವ ಪ್ರಶ್ನೆ ಒಂದೇ. ಎಷ್ಟು ಮೀಟರ್ ತಪ್ಪಿದರೆ ನಿಮ್ಮ ಕೆಲಸ ಕೆಡುತ್ತದೆ? ಆಟೋ ಕರೆಸುವವರಿಗೆ 20 ಮೀಟರ್ ಆಚೀಚೆ ಆದರೂ ಡ್ರೈವರ್‌ಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಕುದುರೆಮುಖದ ಕಡೆ ಚಾರಣಕ್ಕೆ ಹೋಗುವವರಿಗೆ 10 ಮೀಟರ್ ಒಳಗೆ ಇದ್ದರೆ ದಾರಿ ತಪ್ಪುವುದಿಲ್ಲ. ದಿನಾ ಓಡುವವರಿಗೆ ಒಟ್ಟು ದೂರ ಸರಿ ಬರಬೇಕು, ಒಂದೊಂದು ಹೆಜ್ಜೆ ಎಲ್ಲಿ ಬಿತ್ತು ಅನ್ನುವುದು ಬೇಕಾಗಿಲ್ಲ. ಆದರೆ ಪಕ್ಕದ ಜಮೀನಿನವರ ಜೊತೆ ಬದುವಿನ ತಕರಾರು ಇರುವವರಿಗೆ ಒಂದು ಅಡಿಯೂ ದೊಡ್ಡದೇ. ಈ ನಾಲ್ಕೂ ಕೆಲಸಕ್ಕೆ ಒಂದೇ ಫೋನ್ ಹಿಡಿದು ಹೊರಟರೆ ಮೊದಲ ಮೂರು ನಡೆಯುತ್ತವೆ, ನಾಲ್ಕನೆಯದರಲ್ಲಿ ಜಗಳ ಇನ್ನೂ ಜಾಸ್ತಿ ಆಗುತ್ತದೆ. ಫೋನಿನ ಪರದೆ ನೋಡಿಕೊಂಡು ಬೇಲಿ ಕಂಬ ನೆಡುವುದು, ಜೆಸಿಬಿ ಕರೆಸಿ ಬದು ಒಡೆಸುವುದು ಈಗ ನಡೆಯುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅಳತೆ ಮನಸ್ಸಿಗೆ ಬರಲಿ. ತೆರೆದ ಬಯಲಲ್ಲಿ, ತಲೆ ಮೇಲೆ ಏನೂ ಅಡ್ಡ ಇಲ್ಲದಾಗ, ಮಾಮೂಲಿ ಸ್ಮಾರ್ಟ್‌ಫೋನ್ ತೋರಿಸುವ ಜಾಗ ನೀವು ನಿಂತ ಜಾಗದಿಂದ ಸುಮಾರು 5 ಮೀಟರ್ ಒಳಗಿರುತ್ತದೆ. ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಕೊಡುವ ಅಂಕಿ 4.9 ಮೀಟರ್. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 10 ಮೀಟರ್‌ಗೆ 10 ಮೀಟರ್. 30-40 ಸೈಟು 9 ಮೀಟರ್‌ಗೆ 12 ಮೀಟರ್. ಹಾಗಾಗಿ ಸೈಟಿನ ನಟ್ಟನಡುವೆ ನಿಂತು ಫೋನ್ ನೋಡಿದರೂ ಚುಕ್ಕೆ ಪಕ್ಕದ ಸೈಟಿನಲ್ಲಿ ಕೂತಿರಬಹುದು. ಆಗಲೂ ಫೋನ್ ಕೆಟ್ಟಿಲ್ಲ, ತನ್ನ ಕೈಲಾದಷ್ಟು ಸರಿಯಾಗಿಯೇ ಹೇಳುತ್ತಿದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಮ್ಯಾಪಿನಲ್ಲಿ ಚುಕ್ಕೆಯ ಸುತ್ತ ತಿಳಿ ನೀಲಿ ವೃತ್ತ ಇರುತ್ತದಲ್ಲ, ನೀವು ಖಂಡಿತ ಅದರೊಳಗೇ ಇದ್ದೀರಿ ಅಂತ ಅದರ ಅರ್ಥ ಅಲ್ಲ. ಆಂಡ್ರಾಯ್ಡ್ ಲೆಕ್ಕದಲ್ಲಿ ಆ ವೃತ್ತದೊಳಗೆ ನೀವಿರುವ ಸಾಧ್ಯತೆ ನೂರಕ್ಕೆ 68. ಮೂರು ಸಲಕ್ಕೆ ಸುಮಾರು ಒಂದು ಸಲ ನೀವು ವೃತ್ತದ ಹೊರಗೇ ಇರುತ್ತೀರಿ. ಆಪ್‌ನಲ್ಲಿ "ನಿಖರತೆ 3 ಮೀಟರ್" ಅಂತ ಬಂದರೆ ಅದು ಫೋನ್ ತನ್ನ ಬಗ್ಗೆ ತಾನೇ ಮಾಡಿದ ಅಂದಾಜು. ಪಕ್ಕದಲ್ಲಿ ದೊಡ್ಡ ಕಟ್ಟಡ ಇದ್ದರೆ ಆ ಅಂದಾಜೇ ತಪ್ಪಿರಬಹುದು.

ತಪ್ಪು ಎಲ್ಲಿಂದ ಬರುತ್ತದೆ

ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಗೊತ್ತಾಗಬೇಕಾದರೆ ಇದನ್ನು ಸ್ವಲ್ಪ ತಿಳಿಯಲೇಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನು, ತಾನಿರುವ ಜಾಗವನ್ನು ಕೂಗಿ ಹೇಳುತ್ತಲೇ ಇರುತ್ತದೆ. ಆ ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ, ಸಂಕೇತ ಎಲ್ಲೋ 20 ನ್ಯಾನೋಸೆಕೆಂಡ್ ತಡವಾದರೂ 6 ಮೀಟರ್ ಲೆಕ್ಕ ತಪ್ಪಿತು.

ತಡ ಆಗಲು ಎರಡು ದೊಡ್ಡ ಕಾರಣ. ಒಂದು, ಮೇಲಿನ ವಾತಾವರಣದ ಅಯಾನುಗೋಳ. ಸೂರ್ಯನ ಕಿರಣಕ್ಕೆ ಅಲ್ಲಿ ವಿದ್ಯುತ್ ಕಣಗಳು ತುಂಬಿಕೊಳ್ಳುತ್ತವೆ, ಸಂಕೇತ ನಿಧಾನ ಆಗುತ್ತದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದು ಹೋಗುತ್ತದೆ, ಹಾಗಾಗಿ ನಮ್ಮ ಕಡೆ ಈ ಕಾಟ ಯುರೋಪಿಗಿಂತ ಜಾಸ್ತಿ. ಸೂರ್ಯ ಮುಳುಗಿದ ಮೇಲಿನ ಕೆಲವು ಗಂಟೆಗಳಲ್ಲಿ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಸಂಕೇತ ಮಿಣುಕುವುದೂ ಉಂಟು. ಉಪಗ್ರಹವೇ ಕಳಿಸುವ ತಿದ್ದುಪಡಿ ಲೆಕ್ಕ ಈ ತಪ್ಪಿನ ಸುಮಾರು ಅರ್ಧ ಭಾಗವನ್ನಷ್ಟೇ ಕಳೆಯುತ್ತದೆ.

ಎರಡನೆಯದು ಪ್ರತಿಫಲನ. ಬೆಂಗಳೂರಿನ ಎಂಜಿ ರಸ್ತೆಯಂಥ ಕಡೆ ಸಂಕೇತ ನೇರ ಬರುವ ಬದಲು ಗಾಜಿನ ಗೋಡೆಗೆ ಬಡಿದು ಬರುತ್ತದೆ. ಸುತ್ತಿ ಬಂದ ಸಂಕೇತಕ್ಕೆ ಹೊತ್ತು ಜಾಸ್ತಿ, ಅದಕ್ಕೇ ಚುಕ್ಕೆ ರಸ್ತೆಯ ಆಚೆ ಬದಿಗೆ ಹಾರುತ್ತದೆ. ಫೋನಿನ ಆಂಟೆನಾ ಇಲ್ಲಿ ನಿಜವಾಗಿ ಬಡಪಾಯಿ. ಜಿಪಿಎಸ್ ಸಂಕೇತ ಬಲಕ್ಕೆ ತಿರುಗುತ್ತಾ ಬರುತ್ತದೆ, ಗೋಡೆಗೆ ಬಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಸರ್ವೆ ಉಪಕರಣದ ಆಂಟೆನಾ ಇದನ್ನು ಗುರುತಿಸಿ ಬಡಿದು ಬಂದದ್ದನ್ನು ಬಹುಮಟ್ಟಿಗೆ ದೂರ ಇಡುತ್ತದೆ. ಫೋನಿನೊಳಗಿನ ಚಿಕ್ಕ ಆಂಟೆನಾಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಂದೇ ಸಮ ಒಳಗೆ ಬಿಟ್ಟುಕೊಳ್ಳುತ್ತದೆ. ಎಷ್ಟೇ ದುಬಾರಿ ಫೋನ್ ತಗೊಂಡರೂ ಈ ಕೊರತೆ ಹೋಗುವುದಿಲ್ಲ.

ಆಯ್ಕೆ ಒಂದು: ಈಗಿರುವ ಫೋನು, ಖರ್ಚಿಲ್ಲದೆ

ಆಟೋ, ಊಟ ತರಿಸುವುದು, ಕಾರಿನಲ್ಲಿ ದಾರಿ ನೋಡುವುದು, ಇವಿಷ್ಟೇ ನಿಮ್ಮ ಬಳಕೆ ಅಂದರೆ ಹೊಸದೇನೂ ಕೊಳ್ಳಬೇಡಿ. ಸೆಟ್ಟಿಂಗ್ ನೋಡಿ. ಆಂಡ್ರಾಯ್ಡ್ 12ರಿಂದ, ಐಫೋನಿನಲ್ಲಿ ಐಓಎಸ್ 14ರಿಂದ ಪ್ರತಿ ಆಪ್‌ಗೂ "ಪ್ರಿಸೈಸ್" ಲೊಕೇಶನ್ ಕೊಡಬೇಕೋ ಬೇಡವೋ ಅಂತ ನೀವೇ ಆರಿಸಬಹುದು. ಅದು ಆಫ್ ಆಗಿದ್ದರೆ ಆಂಡ್ರಾಯ್ಡ್ ಆ ಆಪ್‌ಗೆ ಸುಮಾರು 3 ಚದರ ಕಿಲೋಮೀಟರ್ ಪ್ರದೇಶವನ್ನಷ್ಟೇ ಹೇಳುತ್ತದೆ. ಕ್ಯಾಬ್ ಯಾವಾಗಲೂ ಬೇರೆ ಬಡಾವಣೆಗೆ ಬರುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಹವಾಮಾನದ ಆಪ್‌ಗೆ ಆಫ್ ಇರಲಿ, ಕ್ಯಾಬ್ ಆಪ್‌ಗೆ ಆನ್ ಇರಲಿ.

ಆಮೇಲೆ ವೈಫೈ ಸ್ಕ್ಯಾನಿಂಗ್. ಫೋನ್ ಸುತ್ತಮುತ್ತಲಿನ ವೈಫೈ ರೂಟರ್‌ಗಳ ಗುರುತು ನೋಡಿ ಕೂಡ ಜಾಗ ಹೇಳುತ್ತದೆ. ಯಾವ ರೂಟರ್ ಎಲ್ಲಿದೆ ಅನ್ನುವ ಪಟ್ಟಿ ಗೂಗಲ್ ಮತ್ತು ಆಪಲ್ ಹತ್ತಿರ ಇರುತ್ತದೆ. ಮನೆಯೊಳಗೆ, ಮಾಲ್ ಒಳಗೆ ಉಪಗ್ರಹ ಸಿಗದೆ ಇದ್ದರೂ ಚುಕ್ಕೆ ಹೆಚ್ಚೂಕಮ್ಮಿ ಸರಿ ಇರುವುದು ಇದರಿಂದಲೇ, ಹತ್ತಾರು ಮೀಟರ್ ಒಳಗೆ. ರೂಟರ್ ಕಟ್ಟಿಕೊಂಡು ಮನೆ ಬದಲಾಯಿಸಿದವರಿಗೆ ಸ್ವಲ್ಪ ದಿನ ಹಳೆ ಬಡಾವಣೆಯೇ ಕಾಣಿಸುವುದೂ ಉಂಟು. ಬರೀ ಮೊಬೈಲ್ ಟವರ್ ನಂಬಿದರೆ ಪೇಟೆಯಲ್ಲಿ ನೂರಾರು ಮೀಟರ್, ಟವರ್ ವಿರಳವಾದ ಹಳ್ಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪು. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್ ತನಕ ನೆಲದಡಿಯ ಮೆಟ್ರೋದಲ್ಲಿ ಚುಕ್ಕೆ ನೆಗೆದಾಡುವುದಕ್ಕೂ ಇದೇ ಕಾರಣ, ಉಪಗ್ರಹ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕೆ ಯಾವ ಫೋನಿನಲ್ಲೂ ಮದ್ದಿಲ್ಲ.

ಜಿಪಿಎಸ್‌ಗೆ ಇಂಟರ್‌ನೆಟ್ ಬೇಕು ಅನ್ನುವ ನಂಬಿಕೆ ಇನ್ನೂ ಇದೆ. ಬೇಡ. ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು ನೆಟ್ ಬೇಕು, ಜಾಗ ಹೇಳಲು ಬೇಡ. ಆದರೆ ನೆಟ್ ಇದ್ದರೆ ಬೇಗ ಆಗುತ್ತದೆ. ಉಪಗ್ರಹ ತನ್ನ ಮಾಹಿತಿ ಕಳಿಸುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹದ ಪಥದ ವಿವರ ಪೂರ್ತಿ ಬರಲು ಅರ್ಧ ನಿಮಿಷ ಬೇಕು, ಎಲ್ಲ ಉಪಗ್ರಹಗಳ ಒರಟು ಪಟ್ಟಿ ಬರಲು 12.5 ನಿಮಿಷ. ನೆಟ್ ಇದ್ದರೆ ಫೋನ್ ಇದನ್ನೆಲ್ಲ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ಅದಕ್ಕೇ ಕಾಡಿಗೆ ಹೊರಡುವ ಮುಂಚೆ, ನೆಟ್‌ವರ್ಕ್ ಇರುವ ಊರಲ್ಲೇ ಒಮ್ಮೆ ಮ್ಯಾಪ್ ತೆರೆದು ಚುಕ್ಕೆ ನಿಲ್ಲುವ ತನಕ ಕಾಯಿರಿ. ಮುಂದಿನ ಕೆಲವು ಗಂಟೆ ಫೋನ್ ಬೇಗ ಬೇಗ ಜಾಗ ಹಿಡಿಯುತ್ತದೆ.

ಆಯ್ಕೆ ಎರಡು: ಎಲ್5 ಇರುವ ಫೋನು

ಹೊಸ ಫೋನ್ ಹೇಗೂ ತಗೊಳ್ಳುತ್ತೀರಿ, ಲೊಕೇಶನ್ ಚೆನ್ನಾಗಿರಬೇಕು ಅಂದರೆ ವಿವರಪಟ್ಟಿಯಲ್ಲಿ ನೋಡಬೇಕಾದ್ದು ಒಂದೇ, "ಎಲ್1 + ಎಲ್5" ಅಥವಾ "ಡ್ಯುಯಲ್ ಫ್ರೀಕ್ವೆನ್ಸಿ". ಎಲ್1, ಎಲ್5 ಅಂದರೆ ಉಪಗ್ರಹಗಳು ಸಂಕೇತ ಕಳಿಸುವ ಎರಡು ಬೇರೆ ಬೇರೆ ತರಂಗಗಳು. ಎಷ್ಟು ದೇಶಗಳ ಉಪಗ್ರಹ ಅನ್ನುವ ಉದ್ದ ಪಟ್ಟಿ ನೋಡಿ ಮರುಳಾಗಬೇಡಿ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೋ ಈಗ ಬಹುತೇಕ ಎಲ್ಲ ಫೋನಿನಲ್ಲೂ ಇವೆ.

ಎಲ್5 ಯಾಕೆ ಮುಖ್ಯ ಅಂದರೆ, ಹಳೆಯ ಎಲ್1 ಸಂಕೇತದ ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದ, ಎಲ್5ರದ್ದು 29 ಮೀಟರ್ ಅಷ್ಟೇ. ತುಣುಕು ಚಿಕ್ಕದಾದಷ್ಟೂ ನೇರ ಬಂದ ಸಂಕೇತವನ್ನು ಗೋಡೆಗೆ ಬಡಿದು ಬಂದದ್ದರಿಂದ ಬೇರೆ ಮಾಡುವುದು ಸುಲಭ. ಅದರ ಜೊತೆಗೆ, ಅಯಾನುಗೋಳ ಎರಡು ತರಂಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡ ಮಾಡುವುದರಿಂದ, ಎರಡನ್ನೂ ಹೋಲಿಸಿ ಆ ತಡ ಎಷ್ಟು ಅಂತ ಅಳೆಯಬಹುದು. ನಮ್ಮಂಥ ಪ್ರದೇಶಕ್ಕೆ ಇದು ಸಣ್ಣ ಲಾಭ ಅಲ್ಲ. ಮೊದಲ ಡ್ಯುಯಲ್ ಫ್ರೀಕ್ವೆನ್ಸಿ ಫೋನ್ 2018ರ ಶವೋಮಿ ಎಂಐ 8. ಐಫೋನಿನಲ್ಲಿ ಅದು ಬಂದದ್ದು 2022ರ 14 ಪ್ರೊನಿಂದ. ಈಗ ಮಧ್ಯಮ ಬೆಲೆಯ ಆಂಡ್ರಾಯ್ಡ್‌ಗಳಲ್ಲೂ ಸಿಗುತ್ತದೆ.

ಆದರೆ ಒಂದು ಎಚ್ಚರಿಕೆ. ಚಿಪ್ಪಿನಲ್ಲಿ ಎಲ್5 ಇದ್ದರೂ ಫೋನ್ ಮಾಡಿದವರು ಅದಕ್ಕೆ ಬೇಕಾದ ಆಂಟೆನಾ ಹಾಕದೆ ಇರಬಹುದು. ಒಂದೇ ಚಿಪ್ ಇರುವ ಎರಡು ಫೋನ್‌ಗಳಲ್ಲಿ ಒಂದರಲ್ಲಿ ಎಲ್5 ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಅದಕ್ಕೇ ಅಂಗಡಿಯವರ ಮಾತು, ಚಿಪ್ಪಿನ ಹೆಸರು ಎರಡನ್ನೂ ನಂಬಬೇಡಿ. ಆಂಡ್ರಾಯ್ಡ್ ಆದರೆ ಜಿಪಿಎಸ್‌ಟೆಸ್ಟ್ ಅನ್ನುವ ಉಚಿತ ಆಪ್ ಹಾಕಿಕೊಂಡು ಬಯಲಿಗೆ ಬನ್ನಿ, ಎರಡು ಮೂರು ನಿಮಿಷ ನಿಲ್ಲಿ. ಉಪಗ್ರಹಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ತರಂಗದ ಹೆಸರು ಬರುತ್ತದೆ. ಎಲ್ಲೂ ಎಲ್5 ಅಥವಾ ಇ5ಎ (ಗೆಲಿಲಿಯೊದಲ್ಲಿ ಅದೇ ತರಂಗದ ಹೆಸರು) ಕಾಣದೆ ಇದ್ದರೆ ಆ ಫೋನಿನಲ್ಲಿ ಅದು ಇಲ್ಲ ಅಂತಲೇ ಲೆಕ್ಕ. ಸ್ನೇಹಿತರ ಫೋನಿನಲ್ಲಿ ಹೀಗೆ ನೋಡಿ ಅದೇ ಮಾಡೆಲ್ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಡೆವಲಪರ್ ಆಯ್ಕೆಗಳಲ್ಲಿ "ಫೋರ್ಸ್ ಫುಲ್ ಜಿಎನ್ಎಸ್ಎಸ್ ಮೆಷರ್‌ಮೆಂಟ್ಸ್" ಅಂತ ಒಂದು ಗುಂಡಿ ಇರುತ್ತದೆ. ಬ್ಯಾಟರಿ ಉಳಿಸಲು ಫೋನ್ ಜಿಪಿಎಸ್ ಚಿಪ್ಪನ್ನು ಆಗಾಗ ಮಲಗಿಸುವುದನ್ನು ಅದು ತಪ್ಪಿಸುತ್ತದೆ. ಅಳತೆ ಮಾಡುವಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ತೆರೆದ ಬಯಲಲ್ಲಿ ಎಲ್5 ಫೋನಿಗೂ ಸಾದಾ ಫೋನಿಗೂ ಅಂತರ ಅಷ್ಟೊಂದು ಕಾಣುವುದಿಲ್ಲ. ಕಾಣುವುದು ಕಟ್ಟಡಗಳ ನಡುವೆ, ಮರಗಳ ಕೆಳಗೆ. ಇದ್ದರೂ ಇದು ಮೀಟರ್ ಲೆಕ್ಕದ ಉಪಕರಣವೇ. ಸೆಂಟಿಮೀಟರ್ ತನಕ ಯಾವ ಫೋನೂ ತಾನಾಗಿ ಇಳಿಯುವುದಿಲ್ಲ.

ನಾವಿಕ್ ಇದ್ದರೆ ಲಾಭವಾ?

ನಮ್ಮದೇ ಉಪಗ್ರಹ ವ್ಯವಸ್ಥೆ, ಅದನ್ನು ನಡೆಸುವ ಇಸ್ರೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೇ ಇದೆ. ಹಾಗಾಗಿ ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೂ ಉಳ್ಳದ್ದನ್ನೇ ಹೇಳಬೇಕು. ನಾವಿಕ್ ಉಪಗ್ರಹಗಳು ಭಾರತಕ್ಕೆ ಹೊಂದುವ ಹಾಗೆ ಎತ್ತರದ ಕಕ್ಷೆಗಳಲ್ಲಿವೆ, ನಮ್ಮ ಆಕಾಶದಲ್ಲಿ ಮೇಲೇ ಇರುತ್ತವೆ, ಇಕ್ಕಟ್ಟಿನ ಬೀದಿಯಲ್ಲಿ ಇದು ಒಳ್ಳೆಯದು. ಆದರೆ ಮೊದಲ ಸಾಲಿನ ಉಪಗ್ರಹಗಳಲ್ಲಿ ಹೊರಗಿನಿಂದ ತಂದ ಅಣುಗಡಿಯಾರಗಳು ಒಂದೊಂದಾಗಿ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ಮಾಡಿದ ಗಡಿಯಾರ ಇದೆ. 2025ರ ಜನವರಿಯ ಎನ್‌ವಿಎಸ್-02 ಮೇಲೇನೋ ಹೋಯಿತು, ಆದರೆ ಸೇರಬೇಕಾದ ಕಕ್ಷೆಯನ್ನು ಸೇರಲಿಲ್ಲ. ಈ ಸ್ಥಿತಿಯಲ್ಲಿ ನಾವಿಕ್ ಒಂದರಿಂದಲೇ ಸದಾ ಜಾಗ ಹಿಡಿಯಬಹುದು ಅಂತ ಭರವಸೆ ಇಡಲಾಗದು. ಬೇರೆ ಉಪಗ್ರಹಗಳ ಜೊತೆಗೆ ಒಂದೆರಡು ಸೇರಿದರೆ ಒಳ್ಳೆಯದೇ.

ಇಲ್ಲೊಂದು ಉಪಯೋಗದ ಸುಳಿವಿದೆ. ಹಳೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಮಾತಾಡುತ್ತವೆ, ಎಲ್1 ಬಂದದ್ದು ಎನ್‌ವಿಎಸ್ ಸಾಲಿನಿಂದ. ಹಾಗಾಗಿ 2020ರ ರಿಯಲ್‌ಮಿ 6 ಪ್ರೊ ತರದ ಹಳೆ ಫೋನಿನಲ್ಲಿ ನಾವಿಕ್ ಇದೆ ಅಂದರೆ ಅದರಲ್ಲಿ ಎಲ್5 ಹಿಡಿಯುವ ಆಂಟೆನಾ ಇದೆ ಅಂತಲೇ ಅರ್ಥ. ಹೊಸ ಫೋನಿಗೆ ಈ ಲೆಕ್ಕ ನಡೆಯುವುದಿಲ್ಲ, ಎಲ್1ರಲ್ಲಿ ಮಾತ್ರ ನಾವಿಕ್ ಹಿಡಿದರೂ ಹೆಸರು ಹಾಕಬಹುದು. ಅದಕ್ಕೇ ನಾವಿಕ್ ಹೆಸರು ನೋಡಿ ಸುಮ್ಮನಾಗಬೇಡಿ, ಎಲ್5 ಇದೆಯಾ ಅಂತ ಬೇರೆಯಾಗಿ ಕೇಳಿ.

ಆಯ್ಕೆ ಮೂರು: ವಾಚು ಅಥವಾ ಕೈ ಜಿಪಿಎಸ್

ಓಡುವವರಿಗೆ ಫೋನಿಗಿಂತ ವಾಚು ಮೇಲು. ಫೋನ್ ಜೇಬಿನಲ್ಲೋ ತೋಳಿನ ಪಟ್ಟಿಯಲ್ಲೋ ಮೈಗೆ ಒತ್ತಿಕೊಂಡಿರುತ್ತದೆ, ಮನುಷ್ಯನ ಮೈ ನೀರಿನಂತೆ ಸಂಕೇತ ತಡೆಯುತ್ತದೆ. ವಾಚು ಹೆಚ್ಚಿನ ಹೊತ್ತು ಆಕಾಶ ನೋಡುತ್ತಿರುತ್ತದೆ. ಎಲ್5 ಇರುವ ವಾಚು, ಅಂದರೆ ಗಾರ್ಮಿನ್ ಫೋರ್‌ರನ್ನರ್ 255 ಅಥವಾ ಆಪಲ್ ವಾಚ್ ಅಲ್ಟ್ರಾ ತರದ್ದು, ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಕೂಡ ಗೆರೆಯನ್ನು ಚೆನ್ನಾಗಿ ಹಿಡಿಯುತ್ತದೆ. ಕಂಠೀರವದ ಟ್ರ್ಯಾಕ್‌ನಲ್ಲಿ ಓಡುವವರು ಮಾತ್ರ ಯಾವ ಜಿಪಿಎಸ್ಸನ್ನೂ ನಂಬದಿರುವುದು ಒಳ್ಳೆಯದು. ಲೇನಿನ ಅಗಲ 1.22 ಮೀಟರ್, ಒಂದು ಲೇನ್ ಹೊರಗೆ ಹೋದರೆ ಸುತ್ತಿಗೆ 7 ಮೀಟರ್‌ಗಿಂತ ಜಾಸ್ತಿ ಸೇರುತ್ತದೆ. ಅಲ್ಲಿ ಸುತ್ತು ಎಣಿಸುವುದೇ ಸರಿ.

ಚಾರಣಕ್ಕೆ ಕೈ ಜಿಪಿಎಸ್ ಬೇಕಾ? ನಿಖರತೆ ಅಂತ ಮಾತ್ರ ನೋಡಿದರೆ ಒಳ್ಳೆಯ ಎಲ್5 ಫೋನಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಲಾಭ ಬೇರೆ ಕಡೆ ಇದೆ. ಗಾರ್ಮಿನ್ ಇಟ್ರೆಕ್ಸ್‌ನಂಥದ್ದು ಎರಡು ಪೆನ್ಸಿಲ್ ಸೆಲ್ ಹಾಕಿದರೆ 20 ಗಂಟೆ ದಾಟಿ ನಡೆಯುತ್ತದೆ, ಮಳೆಗೆ ಹೆದರುವುದಿಲ್ಲ, ಒದ್ದೆ ಕೈಯಲ್ಲಿ ಗುಂಡಿ ಒತ್ತಬಹುದು. ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಒದ್ದೆಯಾದ ಟಚ್ ಸ್ಕ್ರೀನ್ ಎಷ್ಟು ಸತಾಯಿಸುತ್ತದೆ ಅಂತ ಹೋದವರಿಗೆ ಗೊತ್ತು. ಅದೂ ಅಲ್ಲದೆ ಕೆಲವು ಫೋನ್‌ಗಳು ಬ್ಯಾಟರಿ ಉಳಿಸಲು ಟ್ರ್ಯಾಕ್ ದಾಖಲಿಸುವ ಆಪನ್ನು ಹಿಂದಿನಿಂದ ಮುಚ್ಚಿಬಿಡುತ್ತವೆ, ಸಂಜೆ ನೋಡಿದರೆ ಅರ್ಧ ದಾರಿಯೇ ಇಲ್ಲ. ಆಪ್‌ನ ಬ್ಯಾಟರಿ ಸೆಟ್ಟಿಂಗನ್ನು "ನಿರ್ಬಂಧ ಇಲ್ಲ" ಅಂತ ಮಾಡಿಕೊಳ್ಳಿ. ವರ್ಷಕ್ಕೆ ಒಂದೆರಡು ಚಾರಣ ಅಷ್ಟೇ ಅಂದರೆ ಫೋನ್, ಪವರ್ ಬ್ಯಾಂಕ್, ಮುಂಚೆಯೇ ಇಳಿಸಿಕೊಂಡ ಆಫ್‌ಲೈನ್ ಮ್ಯಾಪ್ ಸಾಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆಂಡ್ ಎರಡೂ ಇದಕ್ಕೆ ಚೆನ್ನ.

ಎತ್ತರದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಚಾರಣಿಗರು ಇದರಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಕೆಲವು ಆಪ್‌ಗಳು ಅಲ್ಲಿ 1,850ರ ಆಸುಪಾಸು ತೋರಿಸುತ್ತವೆ. ಉಪಗ್ರಹ ಲೆಕ್ಕ ಹಾಕುವುದು ಭೂಮಿಯ ನಯವಾದ ಗಣಿತದ ಆಕಾರದಿಂದ, ನಾವು ಹೇಳುವುದು ಸಮುದ್ರ ಮಟ್ಟದಿಂದ. ಭಾರತದ ದಕ್ಷಿಣಕ್ಕೆ ಗುರುತ್ವ ಕಮ್ಮಿ ಇರುವ ದೊಡ್ಡ ಪ್ರದೇಶ ಇರುವುದರಿಂದ ನಮ್ಮ ಕಡೆ ಈ ಎರಡರ ಅಂತರ 80 ಮೀಟರ್‌ಗೂ ಜಾಸ್ತಿ. ಮಂಗಳೂರಿನ ಕಡಲ ದಡದಲ್ಲಿ ನಿಂತವರಿಗೆ ಮೈನಸ್ 80ಕ್ಕಿಂತ ಕೆಳಗಿನ ಅಂಕಿ ಬರುವುದು ಇದರಿಂದಲೇ. ಸಮುದ್ರ ಮಟ್ಟದ ಎತ್ತರ ಕೊಡುವ ಸೌಲಭ್ಯ ಆಂಡ್ರಾಯ್ಡ್ 14ರಲ್ಲಿ ಸೇರಿತು, ಎಲ್ಲ ಆಪ್‌ಗಳೂ ಅದನ್ನು ಬಳಸುವುದಿಲ್ಲ. ಎತ್ತರ ಮುಖ್ಯ ಆದವರು ಬ್ಯಾರೊಮೀಟರ್ ಇರುವ ಫೋನ್ ಅಥವಾ ವಾಚ್ ನೋಡಿ.

ಜಮೀನು: ಫೋನ್ ಎಲ್ಲಿಯ ತನಕ, ಸರ್ವೇಯರ್ ಎಲ್ಲಿಂದ

ಈಗ ಮುಖ್ಯ ವಿಷಯಕ್ಕೆ ಬರೋಣ. ಜಮೀನಿನ ಕೆಲಸ ಎರಡು ಬಗೆಯದ್ದು, ವಿಸ್ತೀರ್ಣ ಅಂದಾಜು ಮಾಡುವುದು ಒಂದು, ಗಡಿ ಎಲ್ಲಿ ಅಂತ ಹೇಳುವುದು ಇನ್ನೊಂದು. ಇವೆರಡಕ್ಕೂ ಫೋನ್ ಒಂದೇ ರೀತಿ ಕೆಲಸಕ್ಕೆ ಬರುವುದಿಲ್ಲ.

ವಿಸ್ತೀರ್ಣಕ್ಕೆ ಫೋನ್ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ. ಯಾಕೆ ಅಂದರೆ ಅಯಾನುಗೋಳದಿಂದ ಬರುವ ತಪ್ಪು ನಿಮಿಷ ನಿಮಿಷಕ್ಕೆ ಬದಲಾಗುವುದಿಲ್ಲ. ಹತ್ತು ನಿಮಿಷದಲ್ಲಿ ಹೊಲದ ಸುತ್ತ ಒಂದು ಸುತ್ತು ಬಂದರೆ ಎಲ್ಲ ಮೂಲೆಗಳೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಅಷ್ಟೇ ಸರಿದಿರುತ್ತವೆ. ಇಡೀ ಹೊಲ ಮ್ಯಾಪಿನಲ್ಲಿ 4 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ, ಆದರೆ ಆಕಾರ ಮತ್ತು ವಿಸ್ತೀರ್ಣ ಬಹುಮಟ್ಟಿಗೆ ಉಳಿಯುತ್ತವೆ. ಅದೇ ಎರಡು ಮೂಲೆ ಬೆಳಿಗ್ಗೆ, ಇನ್ನೆರಡು ಸಂಜೆ ಗುರುತು ಮಾಡಿದಿರೋ, ಒಂದೊಂದು ಮೂಲೆ ಒಂದೊಂದು ಕಡೆ ಸರಿದು ಲೆಕ್ಕ ಕೆಡುತ್ತದೆ. ಅದಕ್ಕೇ ಒಂದೇ ಸಲಕ್ಕೆ ಸುತ್ತಿ. ಮೂಲೆಗಳಲ್ಲಿ ಒಂದೆರಡು ನಿಮಿಷ ನಿಲ್ಲಿ, ಚುಕ್ಕೆಯ ನಡುಕ ಸರಾಸರಿಯಲ್ಲಿ ಕಮ್ಮಿ ಆಗುತ್ತದೆ. ಫೋನನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ.

ಎಲ್ಲಿ ನಡೆಯುತ್ತೀರಿ ಅನ್ನುವುದೂ ಮುಖ್ಯ. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 64 ಮೀಟರ್. ಬದುವಿನ ಒಳಗೆ ನಡೆಯುವ ಬದಲು ಸುತ್ತಲೂ ಒಂದು ಮೀಟರ್ ಹೊರಗೆ ನಡೆದರೆ ಎರಡೂವರೆ ಗುಂಟೆ ಜಾಸ್ತಿ ಬರುತ್ತದೆ, ಅದರಲ್ಲಿ ಜಿಪಿಎಸ್ ತಪ್ಪು ಏನೂ ಇಲ್ಲ. ತಂತಿ ಬೇಲಿಗೆ ಎಷ್ಟು ಬೇಕು, ಗೊಬ್ಬರ ಎಷ್ಟು, ಟ್ರ್ಯಾಕ್ಟರ್‌ನವರು ಉತ್ತದ್ದು ಎಷ್ಟು, ಇಂಥ ಅಂದಾಜಿಗೆ ಫೋನ್ ಧಾರಾಳವಾಗಿ ಸಾಕು. ಹೊಲ ದೊಡ್ಡದಾದಷ್ಟೂ ತಪ್ಪಿನ ಪಾಲು ಕಮ್ಮಿ. ಐದು ಗುಂಟೆಯ ತುಂಡಿಗೆ ಮಾತ್ರ ಟೇಪೇ ಮೇಲು.

ಗಡಿಯ ಮಾತು ಬೇರೆ. ಸರ್ವೆ ನಂಬರ್ ನೋಡಲು ಸರ್ಕಾರದ ದಿಶಾಂಕ್ ಆಪ್ ಇದೆ. ಒಳ್ಳೆಯ ಆಪ್, ಎಲ್ಲರ ಫೋನಿನಲ್ಲೂ ಇರಬೇಕಾದ್ದು. ಕೊಳ್ಳಲು ಹೋದ ಜಮೀನು ತೋರಿಸಿದ ಸರ್ವೆ ನಂಬರಿನದ್ದೇನಾ, ಪಕ್ಕದಲ್ಲಿ ಕೆರೆಯೋ ಸರ್ಕಾರಿ ಜಾಗವೋ ಇದೆಯಾ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಅದರ ಗೆರೆಗಳು ಹಳೆಯ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ ಭೂಮಿಯ ಮೇಲೆ ಕೂರಿಸಿದಂಥವು. ಹಾಗೆ ಕೂರಿಸುವಾಗಲೇ ಗೆರೆ ಕೆಲವು ಮೀಟರ್ ಸರಿದಿರಬಹುದು. ಅದರ ಮೇಲೆ ನಿಮ್ಮ ಫೋನಿನ 5 ಮೀಟರ್ ಬೇರೆ. ಎರಡು ತಪ್ಪು ಒಂದೇ ಕಡೆಗೆ ಸೇರಿದರೆ ಪಕ್ಕದವರ ಎರಡು ಸಾಲು ಅಡಿಕೆ ನಿಮ್ಮದಾಗಿ ಕಾಣುತ್ತದೆ. ಆ ಚಿತ್ರ ಹಿಡಿದು ಅಣ್ಣತಮ್ಮಂದಿರ ನಡುವೆ ಮಾತು ಬಿಡುವ ಹಾಗೆ ಆಗಬಾರದು ಅಲ್ವಾ? ಬೆಳೆ ಸಮೀಕ್ಷೆಯ ಆಪ್‌ಗೂ ಇದೇ ಮಾತು. ಬದುವಿನ ಮೇಲೆ ನಿಂತರೆ ಪಕ್ಕದ ನಂಬರ್ ಬರಬಹುದು, ಹೊಲದ ನಡುವೆ ಹೋಗಿ ನಿಂತು ಚುಕ್ಕೆ ನೆಲೆಯಾದ ಮೇಲೆ ಫೋಟೋ ತೆಗೆಯಿರಿ.

ಫೋನಿಗೆ ಹೊರಗಿನ ರಿಸೀವರ್ ಜೋಡಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಜೋಡಿಸಬಹುದು. ಯು-ಬ್ಲಾಕ್ಸ್ ಕಂಪನಿಯ ಝಡ್‌ಇಡಿ-ಎಫ್9ಪಿ ಚಿಪ್ ಇರುವ ಚಿಕ್ಕ ರಿಸೀವರ್‌ಗಳು ಬ್ಲೂಟೂತ್‌ನಲ್ಲಿ ಫೋನಿಗೆ ಸೇರುತ್ತವೆ. ಒಳ್ಳೆಯ ಆಂಟೆನಾ ಹಾಕಿ, ನಿಖರ ಜಾಗ ಗೊತ್ತಿರುವ ಇನ್ನೊಂದು ಸ್ಟೇಷನ್ನಿನಿಂದ ಇಂಟರ್‌ನೆಟ್ ಮೂಲಕ ತಿದ್ದುಪಡಿ ತರಿಸಿಕೊಂಡರೆ 2-3 ಸೆಂಟಿಮೀಟರ್ ತನಕ ಹೋಗುತ್ತದೆ. ಇದೇ ಆರ್‌ಟಿಕೆ. ಸರ್ವೇ ಆಫ್ ಇಂಡಿಯಾದ ಕಾರ್ಸ್ (ಸದಾ ನಡೆಯುವ ಇಂಥ ಸ್ಟೇಷನ್‌ಗಳ) ಜಾಲದಿಂದ ತಿದ್ದುಪಡಿ ಸಿಗುತ್ತದೆ, ನೋಂದಣಿ ಬೇಕು. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ಕೂಡ ತಿದ್ದುಪಡಿಯನ್ನೇ ಕಳಿಸುತ್ತದೆ, ಉಪಗ್ರಹದಿಂದ, ಪುಕ್ಕಟೆಯಾಗಿ. ಆದರೆ ಅದು ಇಳಿಯುವುದು ಮೀಟರ್ ಲೆಕ್ಕಕ್ಕೇ. ಎಷ್ಟೋ ಕೈ ಜಿಪಿಎಸ್‌ಗಳು ಅದನ್ನು ಬಳಸುತ್ತವೆ, ಹೆಚ್ಚಿನ ಫೋನ್‌ಗಳು ಬಳಸುವುದಿಲ್ಲ.

ದೊಡ್ಡ ತೋಟ ಇರುವವರಿಗೆ, ಡ್ರಿಪ್ ಪೈಪು ಎಲ್ಲಿ ಹೂತಿದ್ದೇವೆ ಅಂತ ಗುರುತು ಇಡಬೇಕಾದವರಿಗೆ, ಇಂಥ ರಿಸೀವರ್ ಒಳ್ಳೆಯ ಹೂಡಿಕೆ. ಆದರೆ ಮಲೆನಾಡಿನಲ್ಲಿ ಎರಡು ತೊಡಕು. ತಿದ್ದುಪಡಿ ಬರಲು ಮೊಬೈಲ್ ನೆಟ್‌ವರ್ಕ್ ಬೇಕು, ಎಷ್ಟೋ ಕಡೆ ಅದೇ ಇಲ್ಲ. ದಟ್ಟ ಅಡಿಕೆ ತೋಟದ ಕೆಳಗೆ ಆಕಾಶ ಕಾಣುವುದಿಲ್ಲ, ಆರ್‌ಟಿಕೆ ಅಲ್ಲಿ ಒದ್ದಾಡುತ್ತದೆ. ಇನ್ನೂ ದೊಡ್ಡ ಮಾತು, ನೀವು 2 ಸೆಂಟಿಮೀಟರ್ ನಿಖರವಾಗಿ ಅಳೆದರೂ ಅದು ಕಾನೂನಿನ ಗಡಿ ಆಗುವುದಿಲ್ಲ. ಗಡಿ ಎಲ್ಲಿ ಅಂತ ಹೇಳುವುದು ಸರ್ವೆ ಇಲಾಖೆಯ ಟಿಪ್ಪಣಿ, ಹಿಸ್ಸಾ ನಕ್ಷೆಯಂಥ ದಾಖಲೆಗಳು. ಅವನ್ನು ನೆಲದ ಮೇಲೆ ಕೂರಿಸಬೇಕಾದವರು ಭೂಮಾಪಕರು. ತಕರಾರು ಇದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಕೊಡಲು, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಎಲ್ಲರ ಎದುರಿಗೇ ಅಳತೆ ನಡೆಯುತ್ತದೆ. ತಡ ಆಗಬಹುದು, ಆದರೂ ಬೇರೆ ಅಡ್ಡದಾರಿ ಇಲ್ಲ.

ಈಗ ಸರಪಳಿಯ ಬದಲು ಎಷ್ಟೋ ಕಡೆ ಸರ್ವೇಯರ್ ರೋವರ್ ತರುತ್ತಾರೆ, ಕೋಲಿನ ತುದಿಯಲ್ಲಿ ಅಣಬೆಯಂಥ ಆಂಟೆನಾ ಇರುವ ಉಪಕರಣ. ಅದರ ಜೊತೆಗಿನ ಪರದೆಯಲ್ಲಿ ಪ್ರತಿ ಬಿಂದುವಿಗೂ ಒಂದು ಸ್ಥಿತಿ ಬರೆದಿರುತ್ತದೆ. "ಫಿಕ್ಸ್ಡ್" ಅಂತಿದ್ದರೆ ಸೆಂಟಿಮೀಟರ್ ಲೆಕ್ಕ. "ಫ್ಲೋಟ್" ಅಂತಿದ್ದರೆ ಅರ್ಧ ಮೀಟರ್, ಕೆಲವು ಸಲ ಅದಕ್ಕೂ ಜಾಸ್ತಿ ತಪ್ಪಿರಬಹುದು. "ಸಿಂಗಲ್" ಅಂತಿದ್ದರೆ ತಿದ್ದುಪಡಿಯೇ ಬರುತ್ತಿಲ್ಲ, ನಿಮ್ಮ ಫೋನಿನ ಹಾಗೆ ಮೀಟರ್‌ಗಟ್ಟಲೆ ತಪ್ಪಬಹುದು. ಬಾಂದುಕಲ್ಲಿನ ಜಾಗ ಗುರುತು ಮಾಡುವಾಗ ಪಕ್ಕದಲ್ಲಿ ನಿಂತು ಆ ಪದ ನೋಡಿ. ಫಿಕ್ಸ್ಡ್ ಇಲ್ಲದಿದ್ದರೆ "ಸಾರ್, ಸ್ವಲ್ಪ ಕಾಯೋಣ, ಫಿಕ್ಸ್ ಬರಲಿ" ಅಂತ ಮರ್ಯಾದೆಯಿಂದಲೇ ಕೇಳಿ, ಮರದ ಕೆಳಗಾದರೆ ಬಯಲಿನ ಬಿಂದುವಿನಿಂದ ಟೇಪ್ ಹಿಡಿದು ಅಳೆಯಲು ಹೇಳಿ, ಪಕ್ಕದ ಜಮೀನಿನವರಿಗೂ ಆ ಪರದೆ ತೋರಿಸಿ.